ಹಿಮ್ಮಡಿಯ ಗಟ್ಟಿ ಚರ್ಮಕ್ಕೆ ದಯವಿಟ್ಟು ಬ್ಲೇಡ್ ಹಾಕಬೇಡಿ

ಹಿಮ್ಮಡಿ ಒಡೆದು ಗಟ್ಟಿಯಾಗಿದೆ, ಆ ಚರ್ಮವನ್ನು ಹೆರೆದು ತೆಗೆದುಬಿಡೋಣ ಅಂತ ನಿಮಗೆ ಅನ್ನಿಸಿದೆಯಾ? ಹಾಗಿದ್ದರೆ ಮೊದಲು ಇದನ್ನು ಓದಿ. ನಾನು ಅದನ್ನೇ ಮಾಡಿದೆ. ಆರು ದಿನ ಆಸ್ಪತ್ರೆಯಲ್ಲಿ ಮಲಗಿದೆ. ಒಂದು ತಿಂಗಳು ಸರಿಯಾಗಿ ಕಾಲೂರಲು ಆಗಲಿಲ್ಲ.

ನನ್ನದು ದಿನವಿಡೀ ನಿಂತು ಮಾಡುವ ಕೆಲಸ. ಹಿಮ್ಮಡಿಯ ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಹಾಕಿಕೊಂಡೇ ವರ್ಷಗಳು ಕಳೆದಿದ್ದವು. ಹಿಮ್ಮಡಿಯ ಅಂಚಿನಲ್ಲಿ ಮೊದಲು ಬಿಳಿ ದಾರದಂಥ ಗೆರೆಗಳು ಕಾಣಿಸಿದವು. ಆಮೇಲೆ ಅವು ಅಗಲವಾದವು. ರಾತ್ರಿ ಕಾಲು ಚಾಚಿದರೆ ಹೊದಿಕೆಯ ನೂಲು ಹಿಮ್ಮಡಿಗೆ ಸಿಕ್ಕಿಕೊಂಡು ಪರ್ ಅನ್ನುತ್ತಿತ್ತು. ಬಲಗಾಲಿನ ಒಂದು ಬಿರುಕಂತೂ ಒಳಗೆ ಕೆಂಪಗೆ ಕಾಣುವಷ್ಟು ಆಳವಾಗಿತ್ತು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಚುಳ್ ಅನ್ನುತ್ತಿತ್ತು. ಆದರೂ ಕಾಲೊಡಕು ಅಂದರೆ ಯಾರಿಗೂ ಅದೊಂದು ಕಾಯಿಲೆ ಅನ್ನಿಸುವುದಿಲ್ಲ, ಅಲ್ವಾ? ನನಗೂ ಅನ್ನಿಸಿರಲಿಲ್ಲ.

ಒಂದು ಸಂಜೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತೆ. ಸುಮಾರು ಒಂದು ಗಂಟೆ. ಚರ್ಮ ನೆನೆದ ಸೋಪಿನ ಹಾಗೆ ಬೆಳ್ಳಗೆ ಉಬ್ಬಿಕೊಂಡಿತು. ಚಿಕ್ಕ ಹಿಡಿ ಇರುತ್ತದೆ, ಅದಕ್ಕೆ ಬ್ಲೇಡ್ ಸಿಕ್ಕಿಸಿರುತ್ತಾರೆ, ಕಾಲಿಗೆ ಅಂತಲೇ ಮಾರುತ್ತಾರೆ. ಅಂಥದ್ದೊಂದು ತಂದಿಟ್ಟಿದ್ದೆ. ಎಳೆದಾಗಲೆಲ್ಲ ಚರ್ಮ ಸುರುಳಿ ಸುರುಳಿಯಾಗಿ ಬಂತು. ನೋವೇ ಇಲ್ಲ. ಮೋಸವಾಗುವುದು ಇಲ್ಲೇ. ಮೇಲಿನ ಗಟ್ಟಿ ಪದರ ಸತ್ತ ಚರ್ಮ, ಅದಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ. ಸತ್ತದ್ದು ಎಲ್ಲಿ ಮುಗಿಯಿತು, ಜೀವ ಇರುವುದು ಎಲ್ಲಿ ಶುರುವಾಯಿತು ಅಂತ ಕೈಗೂ ತಿಳಿಯುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ನೆನೆದು ಉಬ್ಬಿದ ಚರ್ಮದಲ್ಲಂತೂ ಇನ್ನೂ ಕಷ್ಟ. ಇನ್ನೊಂಚೂರು, ಇನ್ನೊಂಚೂರು ಅಂತ ಎಳೆಯುತ್ತಾ ಹೋದೆ. ಒಂದು ಸಲ ಎಳೆದಾಗ ಕೆಳಗೆ ಗುಲಾಬಿ ಬಣ್ಣ ಕಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಗೆರೆಯುದ್ದಕ್ಕೂ ರಕ್ತದ ಹನಿಗಳು ಸಾಲಾಗಿ ಮೂಡಿದವು.

ಒರೆಸಿದೆ, ಮನೆಯಲ್ಲಿದ್ದ ಯಾವುದೋ ಕ್ರೀಮ್ ಹಚ್ಚಿದೆ, ಕಾಲ್ಚೀಲ ಹಾಕಿಕೊಂಡು ಮಲಗಿದೆ. ಮಾರನೇ ದಿನ ಎಂದಿನಂತೆ ಕೆಲಸಕ್ಕೆ ಹೋದೆ.

ಮೂರನೇ ದಿನ ಸಂಜೆ ಮೈ ನಡುಗಿ ಜ್ವರ ಬಂತು. ಹಿಮ್ಮಡಿ ಕೆಂಪಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ರಾತ್ರಿ ಹೊತ್ತಿಗೆ ಊತ ಕಾಲಿನ ಗಂಟಿನವರೆಗೆ ಬಂತು. ತೊಡೆಯ ಸಂದಿಯಲ್ಲಿ ಗಡ್ಡೆ ಕಟ್ಟಿ ನೋಯತೊಡಗಿತು. ಆಗಲೂ ನಾನು ಆಸ್ಪತ್ರೆಗೆ ಹೋಗಲಿಲ್ಲ. ಒಂದು ನೋವಿನ ಮಾತ್ರೆ ನುಂಗಿ, ಬೆಳಗ್ಗೆ ನೋಡೋಣ ಅಂತ ಮಲಗಿದೆ. ಬ್ಲೇಡ್ ಹಿಡಿದದ್ದಕ್ಕಿಂತ ದೊಡ್ಡ ತಪ್ಪು ಇದು. ಬೆಳಗಾಗುವಷ್ಟರಲ್ಲಿ ಕೆಂಪು ಮೀನಖಂಡದ ಅರ್ಧಕ್ಕೆ ಏರಿತ್ತು.

ತುರ್ತು ಚಿಕಿತ್ಸೆಯಲ್ಲಿದ್ದ ಡಾಕ್ಟರ್ ಮೊದಲು ಮಾಡಿದ ಕೆಲಸ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಜೇಬಿನಿಂದ ಪೆನ್ ತೆಗೆದು, ಕೆಂಪಾಗಿದ್ದ ಜಾಗದ ಅಂಚಿಗೆ ನನ್ನ ಕಾಲಿನ ಮೇಲೆಯೇ ಸುತ್ತ ಗೆರೆ ಎಳೆದರು. ಪಕ್ಕದಲ್ಲಿ ಸಮಯ ಬರೆದರು. “ಕೆಂಪು ಈ ಗೆರೆ ದಾಟಿದರೆ ತಕ್ಷಣ ನರ್ಸಿಗೆ ಹೇಳಿ” ಅಂದರು. ಮಧ್ಯಾಹ್ನದೊಳಗೆ ಅದು ಎರಡು ಬೆರಳಗಲ ದಾಟಿತು. ನಾನು ಮಲಗಿದಲ್ಲೇ ತಲೆ ಎತ್ತಿ ಎತ್ತಿ ಆ ಗೆರೆಯನ್ನೇ ನೋಡುತ್ತಿದ್ದೆ. ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ. ಇದಕ್ಕೆ ಸೆಲ್ಯುಲೈಟಿಸ್ ಅನ್ನುತ್ತಾರೆ. ಗಾಯದಲ್ಲಿ ಹೊಕ್ಕ ಬ್ಯಾಕ್ಟೀರಿಯಾ ಚರ್ಮದ ಒಳಪದರಗಳಲ್ಲಿ ಹರಡುವ ಸೋಂಕು. ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಟ್ಟರು, ಟೆಟನಸ್ ಇಂಜೆಕ್ಷನ್ ಕೊಟ್ಟರು, ರಕ್ತದಲ್ಲಿ ಸಕ್ಕರೆ ನೋಡಿದರು. ಮೂರನೇ ದಿನ ಕೆಂಪು ಆ ಪೆನ್ನಿನ ಗೆರೆಯಿಂದ ಒಳಕ್ಕೆ ಸರಿಯಿತು. ಆವತ್ತೇ ನನಗೆ ನಿದ್ದೆ ಬಂದದ್ದು.

ಹಿಮ್ಮಡಿ ಯಾಕೆ ಒಡೆಯುತ್ತದೆ ಅಂತ ಡಾಕ್ಟರ್ ವಿವರಿಸಿದ ಮೇಲೆ, ನಾನು ಎಷ್ಟು ತಪ್ಪು ತಿಳಿದಿದ್ದೆ ಅಂತ ಗೊತ್ತಾಯಿತು. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳಿವೆ, ಎಣ್ಣೆಯ ಗ್ರಂಥಿಗಳಿಲ್ಲ. ಬೇರೆ ಕಡೆಯ ಚರ್ಮಕ್ಕೆ ತಾನಾಗಿ ಸಿಗುವ ಜಿಡ್ಡು ಇಲ್ಲಿ ಸಿಗುವುದಿಲ್ಲ, ಹಾಗಾಗಿ ಬೇಗ ಒಣಗುತ್ತದೆ. ಇನ್ನೊಂದು, ಹಿಮ್ಮಡಿಯ ಒಳಗೆ ಮೆತ್ತೆಯಂಥ ಕೊಬ್ಬು ಇದೆ. ಮೈಯ ಭಾರ ಬಿದ್ದಾಗ ಅದು ಅಕ್ಕಪಕ್ಕಕ್ಕೆ ಹರಡುತ್ತದೆ. ಮೇಲಿನ ಚರ್ಮವೂ ಜೊತೆಗೆ ಹಿಗ್ಗಬೇಕು. ಒಣಗಿ ಗಟ್ಟಿಯಾದ ಚರ್ಮ ಹಿಗ್ಗುವುದಿಲ್ಲ, ಸೀಳುತ್ತದೆ. ಬಿರುಕು ಹೆಚ್ಚಾಗಿ ಹಿಮ್ಮಡಿಯ ಅಂಚಿನಲ್ಲೇ ಇರುವುದು ಇದಕ್ಕೇ. ಹಿಂದೆ ತೆರೆದ ಚಪ್ಪಲಿಯಲ್ಲಿ ಆ ಕೊಬ್ಬನ್ನು ಹಿಡಿದಿಡಲು ಏನೂ ಇರುವುದಿಲ್ಲ, ಅದಕ್ಕೇ ಜಾಸ್ತಿ ಒಡೆಯುತ್ತದೆ. ಗಟ್ಟಿ ಚರ್ಮ ಬೆಳೆಯುವುದೇ ಒತ್ತಡ, ತಿಕ್ಕಾಟ ತಡೆಯಲು. ಎಷ್ಟು ಕತ್ತರಿಸಿದರೂ ಒತ್ತಡ ಹಾಗೇ ಇದ್ದರೆ ಅದು ಮತ್ತೆ ಬೆಳೆಯುತ್ತದೆ.

ಮನೆಗೆ ಬಂದ ಮೇಲೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ, “ಎರಡೂ ಕಾಲು ಒಂದೇ ಥರ ಇತ್ತಾ?” ಇರಲಿಲ್ಲ. ಬಲಗಾಲು ಯಾವಾಗಲೂ ಕೆಟ್ಟದಾಗಿತ್ತು. ಅಂಗಾಲಿನ ಗೆರೆಗಳಲ್ಲಿ ಬಿಳಿ ಪುಡಿ ಹಾಕಿದ ಹಾಗಿತ್ತು. ಎರಡು ಉಗುರು ದಪ್ಪಗಾಗಿ ಹಳದಿ ತಿರುಗಿದ್ದವು. ಕಿರುಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿ ಸೀಳಿತ್ತು. ಅವರು ಸ್ವಲ್ಪ ಹೊಟ್ಟು ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಫಂಗಸ್! ತುರಿಕೆ ಒಂದಿಷ್ಟೂ ಇರಲಿಲ್ಲ, ಹಾಗಾಗಿ ನನಗೆ ಅನುಮಾನವೇ ಬಂದಿರಲಿಲ್ಲ. ಎರಡು ವರ್ಷ ಸುಮ್ನೆ ಒಣಚರ್ಮ ಅಂದುಕೊಂಡು ಏನೇನೋ ಹಚ್ಚಿದ್ದೆ. ಫಂಗಸ್‌ಗೆ ಫಂಗಸ್‌ನ ಮದ್ದೇ ಬೇಕು. ಕಾಲಿಗೆ ಹಲವು ವಾರ ಕ್ರೀಮ್, ಉಗುರಿಗೆ ಮೂರು ತಿಂಗಳು ಮಾತ್ರೆ ಆಯಿತು. ಸೋರಿಯಾಸಿಸ್, ಎಕ್ಸಿಮಾ ಕೂಡ ಹಿಮ್ಮಡಿಯಲ್ಲಿ ಹೀಗೇ ಕಾಣಿಸಿಕೊಳ್ಳಬಹುದು. ಥೈರಾಯ್ಡ್ ಕಡಿಮೆ ಇದ್ದರೂ ಚರ್ಮ ಒಣಗುತ್ತದೆ. ಒಂದು ತಿಂಗಳು ಸರಿಯಾಗಿ ಆರೈಕೆ ಮಾಡಿದರೂ ಗುಣ ಕಾಣದಿದ್ದರೆ ತೋರಿಸಲೇಬೇಕು.

ಸರಿಯಾದ ಆರೈಕೆ ಅಂದರೆ ಏನು ಅಂತ ಕೇಳುತ್ತೀರಿ. ನಾನು ಈಗ ಮಾಡುವುದು ಇಷ್ಟೇ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಡುತ್ತೇನೆ. ಜಾಸ್ತಿ ಹೊತ್ತು ಇಟ್ಟರೆ ಚರ್ಮ ಆಮೇಲೆ ಇನ್ನೂ ಒಣಗುತ್ತದೆ. ವಾರಕ್ಕೆ ಎರಡು ಸಲ ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜುತ್ತೇನೆ, ಅದೂ ದಪ್ಪ ಇರುವ ಕಡೆ ಮಾತ್ರ. ತೆರೆದ ಬಿರುಕಿನ ಮೇಲೆ ಕಲ್ಲು ತಾಗಿಸುವುದಿಲ್ಲ. ಒಂದೇ ದಿನದಲ್ಲಿ ನುಣ್ಣಗಾಗಬೇಕು ಅನ್ನುವ ಆಸೆ ಬಿಟ್ಟಿದ್ದೇನೆ. ಕಾಲನ್ನು, ಬೆರಳಸಂದಿಗಳನ್ನೂ ಸೇರಿಸಿ, ಒತ್ತಿ ಒರೆಸಿ, ಚರ್ಮದಲ್ಲಿ ಇನ್ನೂ ತೇವ ಇರುವಾಗಲೇ ಯೂರಿಯಾ ಇರುವ ಕ್ರೀಮ್ ಹಚ್ಚುತ್ತೇನೆ. ನನಗೆ ಹೇಳಿದ್ದು 20 ಶೇಕಡದ್ದು. ಯೂರಿಯಾ ನೀರನ್ನು ಹಿಡಿದಿಟ್ಟು ಗಟ್ಟಿ ಪದರವನ್ನು ಮೆದು ಮಾಡುತ್ತದೆ. ಅದರ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ, ತೇವ ಆರಿಹೋಗದಿರಲಿ ಅಂತ. ಮೇಲೆ ಹತ್ತಿಯ ಕಾಲ್ಚೀಲ. ಕ್ರೀಮ್ ಹಚ್ಚಿದ ಕಾಲಲ್ಲಿ ಬರಿಗಾಲಲ್ಲಿ ಓಡಾಡಿದರೆ ಜಾರುತ್ತದೆ, ಹುಷಾರು. ಬೆರಳಸಂದಿಗೆ ಮಾತ್ರ ಕ್ರೀಮ್ ಬೇಡ, ಅಲ್ಲಿ ತೇವ ನಿಂತರೆ ಫಂಗಸ್ ಬರುತ್ತದೆ.

ಬಿರುಕು ಆಳವಾಗಿದ್ದರೆ ಯೂರಿಯಾ ಉರಿಯುತ್ತದೆ. ಅದು ಕೂಡಿಕೊಳ್ಳುವವರೆಗೆ ಬರೀ ಪೆಟ್ರೋಲಿಯಂ ಜೆಲ್ಲಿ ಸಾಕು. 40 ಶೇಕಡ ಯೂರಿಯಾ, ಸಾಲಿಸಿಲಿಕ್ ಆಸಿಡ್ ಇವೆಲ್ಲ ಬಹಳ ದಪ್ಪ ಚರ್ಮಕ್ಕೆ. ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಚರ್ಮ ಸುಲಿಸುವ ಆಸಿಡ್ ತುಂಬಿದ ಕಾಲ್ಚೀಲಗಳು ಬರುತ್ತವಲ್ಲ, ಒಡೆದ ಹಿಮ್ಮಡಿಗೆ ಅವು ಬೇಡವೇ ಬೇಡ. ಬಿರುಕಿಗೆ ಗಮ್ ಹಾಕಿ ಅಂಟಿಸುವವರೂ ಇದ್ದಾರೆ. ಗಾಯಕ್ಕೆ ಅಂತಲೇ ಬೇರೆ ಅಂಟು ಇದೆ, ಅದನ್ನು ಗಾಯ ತೊಳೆದು ಡಾಕ್ಟರ್ ಹಾಕುತ್ತಾರೆ. ಮನೆಯ ಗಮ್ ಹಾಕಿದರೆ ಕೊಳೆಯನ್ನು ಒಳಗೇ ಮುಚ್ಚಿದಂತೆ. ಚಪ್ಪಲಿಯೂ ಬದಲಾಗಬೇಕು. ಹಿಂದೆ ಮುಚ್ಚಿರುವ, ಹಿಮ್ಮಡಿಯ ಕೆಳಗೆ ಮೆತ್ತಗಿರುವ ಶೂ ಹಾಕಿಕೊಂಡ ಮೇಲೆ ನನಗೆ ಅರ್ಧ ಕಷ್ಟ ಕಮ್ಮಿಯಾಯಿತು.

ಹಿಮ್ಮಡಿ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಕೆಂಪು ಮೇಲಕ್ಕೆ ಹತ್ತುತ್ತಿದ್ದರೆ, ಜ್ವರ ಬಂದರೆ ರಾತ್ರಿ ಕಳೆಯಲಿ ಅಂತ ಕಾಯಬೇಡಿ. ಆ ಹೊತ್ತಿನಲ್ಲೇ ಹೋಗಿ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ನಾನು ಆಸ್ಪತ್ರೆಯಿಂದ ಬಂದು ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನ್ನ ಹತ್ರಾನೂ ಅಂಥದ್ದೇ ಒಂದು ಬ್ಲೇಡ್ ಇದೆ ಕಣೇ” ಅಂದಳು. ಅವಳಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ನಡೆಯಲು ಆಗುತ್ತಿದ್ದಂತೆ ಮೊದಲು ಅವಳ ಮನೆಗೆ ಹೋದೆ. ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಟಾರ್ಚ್ ಬಿಟ್ಟು ನೋಡಿದೆ. ಎಡ ಹಿಮ್ಮಡಿಯ ಬಿರುಕಿನೊಳಗೆ ಗುಂಡುಪಿನ್ನಿನ ತಲೆಯಷ್ಟು ಕಲ್ಲಿನ ಚೂರು ಕೂತಿತ್ತು. ಸುತ್ತ ಕೆಂಪಾಗಿತ್ತು.

“ನೋವಿಲ್ವಾ ಅಕ್ಕ?”

“ಏನೂ ಇಲ್ವಲ್ಲೇ. ಯಾಕೆ?”

ನನ್ನ ಎದೆ ಧಸಕ್ಕೆಂದಿತು. ಆವತ್ತೇ ಕರೆದುಕೊಂಡು ಹೋದೆ. ಡಾಕ್ಟರ್ ಗಾಯ ತೊಳೆದು, ಅವಳಿಗೆ ಕಣ್ಣು ಮುಚ್ಚಿಸಿ, ನೈಲಾನ್ ದಾರದಂಥ ಒಂದು ಕಡ್ಡಿಯಿಂದ ಅಂಗಾಲಿನ ಬೇರೆ ಬೇರೆ ಕಡೆ ಮುಟ್ಟಿದರು. ಮುಟ್ಟಿದಾಗ ಹೂಂ ಅನ್ನಬೇಕು. ಎಷ್ಟೋ ಕಡೆ ಅವಳು ಸುಮ್ಮನೇ ಕೂತಿದ್ದಳು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಸಕ್ಕರೆಯಿಂದ ನರಗಳು ಮಂಕಾಗಿವೆ, ಗಾಯ ಆದರೂ ಗೊತ್ತಾಗುವುದಿಲ್ಲ ಅಂದರು. ಇಂಥವರು ಬ್ಲೇಡ್, ಕಾಲು ನೆನೆಸುವುದು, ಆಣಿ ತೆಗೆಯುವ ಆಸಿಡ್ ಮದ್ದು, ಬರಿಗಾಲಲ್ಲಿ ಓಡಾಟ ಎಲ್ಲ ಬಿಡಬೇಕು. ಗಟ್ಟಿ ಚರ್ಮ ತೆಗೆಸಬೇಕಿದ್ದರೂ ಡಾಕ್ಟರ ಕೈಯಲ್ಲೇ ತೆಗೆಸಬೇಕು. ದಿನಾ ಅಂಗಾಲು ನೋಡಿಕೊಳ್ಳಬೇಕು.

ಅವಳ ಮನೆಯ ಆ ಬ್ಲೇಡನ್ನು ನಾನೇ ತಂದು ಎಸೆದೆ. ಈಗ ಅಕ್ಕ ಮಲಗುವ ಮುಂಚೆ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಂಡು, ಎರಡೂ ಹಿಮ್ಮಡಿಯ ಫೋಟೋ ನನಗೆ ಕಳಿಸುತ್ತಾಳೆ. ನಿನ್ನೆ ರಾತ್ರಿಯ ಫೋಟೋದಲ್ಲಿ ಆ ಬಿರುಕು ಪೂರ್ತಿ ಕೂಡಿಕೊಂಡಿತ್ತು.