ಫರ್ಮ್ಸ್ ನಕ್ಷೆ: ಬೆಂಕಿ ಸಿಗುತ್ತದೆ, ಹೊಗೆ ಅರ್ಧ ಸಿಗುತ್ತದೆ

ಕೂಳೆಗೆ ಇಟ್ಟ ಬೆಂಕಿಯನ್ನು ಪತ್ತೆಹಚ್ಚಲು ನಾಸಾದ ಉಚಿತ ಜಾಲತಾಣವಾದ ಫರ್ಮ್ಸ್ ನಿಜಕ್ಕೂ ಉಪಯುಕ್ತವಾಗಿದೆ. ಉಪಗ್ರಹ ಹಾದುಹೋದ ಸುಮಾರು 3 ಗಂಟೆಯೊಳಗೆ ನಕ್ಷೆಯಲ್ಲಿ ಚುಕ್ಕೆಗಳು ಮೂಡುತ್ತವೆ; ಉಪಗ್ರಹಗಳಲ್ಲಿರುವ ಮೋಡಿಸ್ ಎಂಬ ಉಪಕರಣದ 1 ಕಿಲೋಮೀಟರ್ ಚೌಕಕ್ಕಿಂತ ವಿಯರ್ಸ್ ಎಂಬ ಇನ್ನೊಂದು ಉಪಕರಣದ 375 ಮೀಟರ್ ಚೌಕ ಸಣ್ಣ ಹೊಲಗಳ ಬೆಂಕಿಯನ್ನು ಚೆನ್ನಾಗಿ ಗುರುತಿಸುತ್ತದೆ. ಆದರೆ ವಿಯರ್ಸ್ ಹಗಲಿನಲ್ಲಿ ಹಾದುಹೋಗುವುದು ಮಧ್ಯಾಹ್ನ 1.30ರ ಆಸುಪಾಸಿನಲ್ಲಾದ್ದರಿಂದ, ಸಂಜೆ ಹಚ್ಚಿ ಬೇಗನೆ ಆರಿಹೋಗುವ ಬೆಂಕಿ ಲೆಕ್ಕಕ್ಕೇ ಸಿಗುವುದಿಲ್ಲ. ಚುಕ್ಕೆಗಳು ಕಡಿಮೆಯಾದವೆಂದು ಸಂಭ್ರಮಿಸುವವರು ಇದನ್ನು ಗಮನಿಸಬೇಕು. ಹೊಗೆಯ ಬೂದು ಪಟ್ಟಿ ಗಾಳಿಯೊಡನೆ ದಿನದಿಂದ ದಿನಕ್ಕೆ ಎತ್ತ ಸರಿಯಿತೆಂದು ನೋಡಲು ಅದೇ ಸಂಸ್ಥೆಯ ಉಪಗ್ರಹ ಚಿತ್ರಗಳ ಜಾಲತಾಣವಾದ ವರ್ಲ್ಡ್‌ವ್ಯೂ ಮೇಲು. ದಟ್ಟ ಮೋಡವಿದ್ದರೆ ಎರಡೂ ಕೈಕೊಡುತ್ತವೆ. ಹೊಗೆ ನೆಲಮಟ್ಟದಲ್ಲಿದೆಯೋ ಎತ್ತರದಲ್ಲಿ ತೇಲುತ್ತಿದೆಯೋ ಎಂಬುದು ಚಿತ್ರದಿಂದಷ್ಟೇ ತಿಳಿಯದು. ಉಸಿರಾಡುವ ಗಾಳಿಯ ಗುಣಮಟ್ಟಕ್ಕೆ ನೆಲದ ಮಾಪಕಗಳನ್ನೇ ನೋಡಬೇಕು.