ಕಣ್ಣಿಗೆ ಕ್ರಯೋ ಮಾಡಿಸಿಕೊಂಡೆ: ನನ್ನ ಅನುಭವ

14 ವರ್ಷದ ಶುಗರ್ ನನ್ನದು. ಒಂದು ಬೆಳಿಗ್ಗೆ ಎದ್ದರೆ ಎಡಗಣ್ಣಿನ ಮುಂದೆ ನೀರಿಗೆ ಮಸಿ ಬಿದ್ದ ಹಾಗೆ ಕಪ್ಪು ಎಳೆಗಳು. ಮಧ್ಯಾಹ್ನದ ಹೊತ್ತಿಗೆ ಎದುರಿಗಿದ್ದವರ ಮುಖವೂ ಕಾಣಲಿಲ್ಲ. ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಪರದೆಯ ಮೇಲೆ ಹೊಸದಾಗಿ ಹುಟ್ಟಿದ್ದ ಬಡಕಲು ರಕ್ತನಾಳಗಳು ಒಡೆದು ಕಣ್ಣೊಳಗೆ ರಕ್ತ ತುಂಬಿತ್ತು.

ಇಂಥದ್ದಕ್ಕೆ ಸಾಮಾನ್ಯವಾಗಿ ಲೇಸರ್ ಮಾಡುತ್ತಾರೆ. ಆದರೆ ಆ ಬೆಳಕು ರಕ್ತ ದಾಟಿ ರೆಟಿನಾ ಮುಟ್ಟಬೇಕಲ್ವಾ? ನನ್ನ ಕಣ್ಣಲ್ಲಿ ದಾರಿಯೇ ಇರಲಿಲ್ಲ. ಅದಕ್ಕೇ ಡಾಕ್ಟರು ಕ್ರಯೋ ಅಂದರು, ಹೊರಗಿನಿಂದ ತಣ್ಣಗೆ ಹೆಪ್ಪುಗಟ್ಟಿಸುವುದು.

ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರು. ಆಮೇಲೆ ಪೆನ್ನಿನಂಥ ಒಂದು ಸಲಕರಣೆ. ಒಳಗೆ ಗ್ಯಾಸ್ ಹಿಗ್ಗಿದಾಗ ಅದರ ತುದಿ ಸೊನ್ನೆಗಿಂತ 60ರಿಂದ 80 ಡಿಗ್ರಿ ಕೆಳಗಿಳಿಯುತ್ತದೆ. ಅದನ್ನು ಬಿಳಿಗುಡ್ಡೆಗೆ ಒತ್ತಿ ಹಿಡಿಯುತ್ತಾರೆ. ತುದಿ ಅಂಟಿಕೊಂಡುಬಿಡುತ್ತದೆ, ಕರಗುವ ತನಕ ಎಳೆಯುವ ಹಾಗಿಲ್ಲ. ಒತ್ತು, "ಅಲುಗಬೇಡಿ", ಆಮೇಲೆ ಕೆನ್ನೆ ಮೇಲೆ ಇಳಿಯುವ ನೀರು. ಮತ್ತೆ ಪಕ್ಕದ ಜಾಗ. ನೋವಿಗಿಂತ ಆ ಕಾಯುವುದೇ ಜಾಸ್ತಿ ಅನ್ನಿಸಿತು.

ಅಂಚಿನ ರೆಟಿನಾಕ್ಕೆ ರಕ್ತ ಸಾಲದಾದಾಗ ಅದು ಹೊಸ ನಾಳ ಬೇಕು ಅಂತ ಸಂಕೇತ ಕಳಿಸುತ್ತಲೇ ಇರುತ್ತದೆ. ಹೆಪ್ಪುಗಟ್ಟಿಸಿ ಆ ಭಾಗವನ್ನೇ ಸುಮ್ಮನಾಗಿಸಿದರೆ ಹೊಸ ನಾಳಗಳು ಸೊರಗುತ್ತವೆ. ಹೋದ ದೃಷ್ಟಿ ಇದರಿಂದ ವಾಪಸ್ ಬರುವುದಿಲ್ಲ, ಇದ್ದದ್ದು ಉಳಿಯಲಿ ಅಂತಲೇ ಮಾಡುವುದು.

ಮೆಚ್ಚಿದ್ದು, ಮೊದಲೇ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿ ರೆಟಿನಾದ ಮೇಲೆ ಬೆಳೆದ ಪೊರೆ ಅದನ್ನು ಎಳೆಯುತ್ತಿದೆಯಾ ಅಂತ ನೋಡಿದ್ದು. ಹಾಗಿದ್ದರೆ ಕ್ರಯೋ ಆದಮೇಲೆ ಅದು ಇನ್ನೂ ಬಿಗಿದು ರೆಟಿನಾ ಕಿತ್ತು ಬರುವ ಅಪಾಯವಿದೆ. ನಿಮಗೂ ಕ್ರಯೋ ಹೇಳಿದರೆ ಈ ಸ್ಕ್ಯಾನ್ ಬಗ್ಗೆ ಕೇಳಿ. ಈಗ ಕಣ್ಣೊಳಗೆ ಕೊಡುವ ಇಂಜೆಕ್ಷನ್, ರಕ್ತ ತೆಗೆಯುವ ಆಪರೇಷನ್ ಎಲ್ಲಾ ಇವೆ. ನನಗೆ ಯಾಕೆ ಕ್ರಯೋ ಅಂತಲೂ ಕೇಳಿ.

ಬೇಜಾರಾಗಿದ್ದು ಊತದ ವಿಷಯ. ಮೂರು ದಿನ ರೆಪ್ಪೆ ಬಿಡಿಸಲಾಗಲಿಲ್ಲ, ಬಿಳಿಗುಡ್ಡೆ ನೀರು ತುಂಬಿದ ಹಾಗೆ ಉಬ್ಬಿತ್ತು. ಕಣ್ಣೇ ಹೋಯಿತು ಅಂತ ರಾತ್ರಿಯೆಲ್ಲಾ ಅತ್ತೆ. ಕ್ರಯೋದಲ್ಲಿ ಇದು ಮಾಮೂಲಿಯಂತೆ. ಆ ಒಂದು ಮಾತನ್ನು ಯಾರೂ ಮೊದಲು ಹೇಳಲಿಲ್ಲ. ಹೇಳಲೇಬೇಕಿತ್ತು.

ಎರಡು ತಿಂಗಳಲ್ಲಿ ರಕ್ತ ಬಹಳಷ್ಟು ಇಂಗಿದೆ. ಕತ್ತಲಲ್ಲಿ ಪಕ್ಕದ್ದು ಇನ್ನೂ ಮಂಕು. ಆದರೆ ಮೊನ್ನೆ ಬಲಗಣ್ಣು ಮುಚ್ಚಿಕೊಂಡು ಗೋಡೆ ಗಡಿಯಾರ ನೋಡಿದೆ, ಎರಡೂ ಮುಳ್ಳು ಕಂಡವು. ಡಾಕ್ಟರಿಗೂ ಈಗ ಒಳಗೆ ಕಾಣುತ್ತಿದೆಯಂತೆ, ಉಳಿದ ಜಾಗಕ್ಕೆ ಮುಂದಿನ ವಾರ ಲೇಸರ್.