ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಪತ್ತೆಗೆ ಯಾವ ಬಯೋಸೆನ್ಸರ್?

ಬೈಫಿಡೋಬ್ಯಾಕ್ಟೀರಿಯಂನಂಥ ಉಪಕಾರಿ ಜೀವಿಗಳನ್ನು ಬಯೋಸೆನ್ಸರ್ (ಜೈವಿಕ ಅಣುವಿನ ನೆರವಿನಿಂದ ಗುರಿಯನ್ನು ಗುರುತಿಸಿ ಸಂಕೇತ ಕೊಡುವ ಸಾಧನ) ಬಳಸಿ ಹುಡುಕುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ವಿದ್ಯುತ್ತಿನದು, ಬೆಳಕಿನದು.

ಎಲೆಕ್ಟ್ರೋಕೆಮಿಕಲ್ ಸೆನ್ಸರ್‌ನಲ್ಲಿ ಚಿನ್ನದ ಎಲೆಕ್ಟ್ರೋಡ್ ಮೇಲೆ ಡಿಎನ್‌ಎಯ ಒಂಟಿ ಎಳೆ ಕೂರಿಸಿರುತ್ತಾರೆ. ಮಾದರಿಯಲ್ಲಿ ಅದರ ಜೋಡಿ ಎಳೆ, ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಗುರುತು ಹಿಡಿಯಲು ಬಳಸುವ 16ಎಸ್ ಜೀನಿನ ತುಣುಕು, ಸಿಕ್ಕರೆ ಎರಡೂ ಹೆಣೆದುಕೊಂಡು ವಿದ್ಯುತ್ ಸಂಕೇತ ಬದಲಾಗುತ್ತದೆ. ಸಾಧನ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಬಲ್ಲದು, ಅಗ್ಗವೂ ಹೌದು. ತಲೆನೋವು ಇರುವುದು ಅದಕ್ಕೂ ಮೊದಲು: ಬೈಫಿಡೋದ ಕೋಶಭಿತ್ತಿ ದಪ್ಪ, ಅದನ್ನು ಸರಿಯಾಗಿ ಒಡೆಯದಿದ್ದರೆ ಡಿಎನ್‌ಎ ಹೊರಬರುವುದೇ ಇಲ್ಲ, ಲೆಕ್ಕ ಕಡಿಮೆ ತೋರುತ್ತದೆ. ಮಲದ ಮಾದರಿಯ ಪ್ರೋಟೀನುಗಳು ಎಲೆಕ್ಟ್ರೋಡಿಗೆ ಮೆತ್ತಿಕೊಳ್ಳುವ ಕಾಟ ಬೇರೆ.

ಬೆಳಕಿನ ದಾರಿಯೆಂದರೆ, ತೆಳು ಚಿನ್ನದ ಪದರಕ್ಕೆ ಏನಾದರೂ ಅಂಟಿದಾಗ ಪ್ರತಿಫಲಿಸುವ ಬೆಳಕು ಬದಲಾಗುವುದನ್ನು ಅಳೆಯುವ ವಿಧಾನ. ಈ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್‌ನಲ್ಲಿ ಇಡೀ ಕೋಶವನ್ನೇ ಆಂಟಿಬಾಡಿ (ಗುರಿಯನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು) ಹಿಡಿಯುತ್ತದೆ; ಕೋಶ ಒಡೆಯಬೇಕಿಲ್ಲ, ಬಣ್ಣ ಹಚ್ಚಬೇಕಿಲ್ಲ, ಅಂಟುವುದನ್ನು ಆ ಕ್ಷಣದಲ್ಲೇ ನೋಡಬಹುದು. ಆದರೆ ಅದರ ದೃಷ್ಟಿ ಚಿನ್ನದ ಪದರದಿಂದ ಕೆಲವು ನೂರು ನ್ಯಾನೋಮೀಟರ್ ಮಾತ್ರ. ಬ್ಯಾಕ್ಟೀರಿಯಾ ಅದಕ್ಕಿಂತ ದೊಡ್ಡದು, ಹಾಗಾಗಿ ಕಾಣುವುದು ಬುಡ ಮಾತ್ರ! ಯಂತ್ರವೂ ದುಬಾರಿ.

ಮಾದರಿಗಳು ಹೆಚ್ಚಿದ್ದರೆ ನನ್ನ ಆಯ್ಕೆ ಮೊದಲನೆಯದು. ಆಂಟಿಬಾಡಿ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆಂದು ಪರೀಕ್ಷಿಸುವವರಿಗೆ ಎರಡನೆಯದು. ಪ್ರೋಬಯಾಟಿಕ್‌ನಲ್ಲಿ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಆಹಾರ ಅಥವಾ ಮಾತ್ರೆ) ಜೀವಂತ ಕೋಶ ಎಷ್ಟೆಂದು ತಿಳಿಯಬೇಕಾದರೆ ಎರಡನ್ನೂ ನಂಬಬೇಡಿ, ಸತ್ತವೂ ಸಂಕೇತ ಕೊಡುತ್ತವೆ.